ಗಂಟಲು ಕಟ್ಟಿದೆಯೇ? ಧ್ವನಿಗೂ ಇದೆ ಚಿಕಿತ್ಸೆ



ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಹೋದರೆ ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮ ಸಿಗುತ್ತದೆ. ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋಗಿರಬಹುದು. ಸಿಂಹದ ಗರ್ಜನೆ ಬಯಲಿನಲ್ಲಿ ಸುಮಾರು 8 ಕಿ.ಮೀ. ದೂರದವರೆಗೂ ಕೇಳಿಸಬಲ್ಲದು. ಅಷ್ಟು ಗರ್ಜಿಸಿದರೂ ಸಿಂಹದ ಗಂಟಲು ಕಟ್ಟುವುದಿಲ್ಲ. ನಾವಾದರೋ ಒಂದು ದಿನ ಕಬಡ್ಡಿ ಪಂದ್ಯದಲ್ಲಿ ಕೂಗಿದರೆ ಸಾಕು, ಮರುದಿನ ಮಾತೇ ಹೊರಡುವುದಿಲ್ಲ! ಇದೇಕೆ ಹೀಗೆ?

ಧ್ವನಿ ಹುಟ್ಟುವುದೆಲ್ಲಿ?

ನಿಮ್ಮ ಕತ್ತಿನ ಮುಂಭಾಗವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಮೊದಲು 'ಸ್‌ಸ್‌ಸ್' ಎನ್ನಿ. ಅನಂತರ 'ಮ್‌ಮ್‌ಮ್' ಎನ್ನಿ. ಎರಡನೆಯ ಸಲ ಬೆರಳಿಗೆ ನಡುಕ ತಿಳಿಯಿತಲ್ಲವೇ? ಅಲ್ಲಿಯೇ ಇದೆ ಧ್ವನಿಪೆಟ್ಟಿಗೆ. ಶ್ವಾಸನಾಳದ ಮೇಲ್ತುದಿಯಲ್ಲಿರುವ ಈ ಪೆಟ್ಟಿಗೆಯೊಳಗೆ ಎರಡು ಮೃದುವಾದ ಮಡಿಕೆಗಳಿವೆ. ಅವೇ ಧ್ವನಿತಂತುಗಳು. ಉಸಿರಾಡುವಾಗ ಅವು ತೆರೆದಿರುತ್ತವೆ. ಮಾತನಾಡುವಾಗ ಹತ್ತಿರ ಬರುತ್ತವೆ. ಶ್ವಾಸಕೋಶದಿಂದ ಬರುವ ಗಾಳಿ ಅವುಗಳನ್ನು ಕಂಪಿಸುವಂತೆ ಮಾಡುತ್ತದೆ.

ಈ ಕಂಪನ ಎಷ್ಟು ವೇಗವಾದುದು ಗೊತ್ತೇ? ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ, ನಿಮ್ಮಂಥ ಮಕ್ಕಳಲ್ಲಿ ಅದಕ್ಕಿಂತಲೂ ಹೆಚ್ಚು. ಅಂದರೆ ನೀವು ಒಂದು ನಿಮಿಷ ಮಾತನಾಡಿದರೆ ತಂತುಗಳು ಸಾವಿರಾರು ಸಲ ಒಂದಕ್ಕೊಂದು ತಾಗುತ್ತವೆ.

2011ರಲ್ಲಿ ಅಮೆರಿಕದ ವಿಜ್ಞಾನಿಗಳು ಸಿಂಹ ಮತ್ತು ಹುಲಿಗಳ ಧ್ವನಿತಂತುಗಳನ್ನು ಪರೀಕ್ಷಿಸಿದರು. ಅವುಗಳ ಅಂಚು ನಮ್ಮದರಂತೆ ತ್ರಿಕೋನವಾಗಿರದೆ ಚಪ್ಪಟೆಯಾಗಿ, ಚೌಕಾಕಾರದಲ್ಲಿತ್ತು. ಒಳಗೆ ಕೊಬ್ಬು ತುಂಬಿತ್ತು. ಇಂಥ ತಂತುಗಳು ಗಾಳಿಯ ಒತ್ತಡ ಕಡಿಮೆ ಇದ್ದರೂ ಗಟ್ಟಿಯಾದ ಶಬ್ದ ಹೊರಡಿಸುತ್ತವೆ. ನಮ್ಮ ತಂತುಗಳು ಮಾತಿಗೆ, ಹಾಡಿಗೆ ತಕ್ಕವು, ಗರ್ಜನೆಗೆ ತಕ್ಕವಲ್ಲ.

ಧ್ವನಿ ಏಕೆ ಕೆಡುತ್ತದೆ?

ನೆಗಡಿಯಾದಾಗ ತಂತುಗಳು ಊದಿಕೊಳ್ಳುತ್ತವೆ. ಆಗ ಧ್ವನಿ ಗೊಗ್ಗರಾಗುತ್ತದೆ. ಇದು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ.

ದಿನವೂ ಗುದ್ದಲಿ ಹಿಡಿಯುವವರ ಅಂಗೈ ನೋಡಿದ್ದೀರಾ? ಉಜ್ಜಿ ಉಜ್ಜಿ ಅಲ್ಲಿ ಜಡ್ಡುಗಟ್ಟಿರುತ್ತದೆ. ಹಾಗೆಯೇ ದಿನವೂ ಕಿರುಚುವವರ ಧ್ವನಿತಂತುಗಳ ಮೇಲೆ ಚಿಕ್ಕ ಗಂಟುಗಳು ಬೆಳೆಯುತ್ತವೆ. ಆಗ ತಂತುಗಳು ಪೂರ್ತಿ ಕೂಡಿಕೊಳ್ಳುವುದಿಲ್ಲ. ನಡುವಿನ ಸಂದಿನಿಂದ ಗಾಳಿ ಸೋರಿ ಧ್ವನಿ ಒಡಕಾಗುತ್ತದೆ. ಈ ಗಂಟುಗಳು ಕ್ಯಾನ್ಸರ್ ಅಲ್ಲ. ಹೆಚ್ಚು ಕೂಗುವ ಮಕ್ಕಳಲ್ಲಿ, ಶಿಕ್ಷಕರಲ್ಲಿ, ಗಾಯಕರಲ್ಲಿ, ಸಂತೆಯಲ್ಲಿ ಕೂಗಿ ಮಾರುವವರಲ್ಲಿ ಇವು ಕಂಡುಬರುತ್ತವೆ.

ಹುಡುಗರಿಗೆ ಇನ್ನೊಂದು ವಿಷಯ. ಸುಮಾರು 12ರಿಂದ 15ನೆಯ ವಯಸ್ಸಿನಲ್ಲಿ ನಿಮ್ಮ ಧ್ವನಿಪೆಟ್ಟಿಗೆ ಬೇಗ ಬೆಳೆಯುತ್ತದೆ. ತಂತುಗಳು ಉದ್ದವಾಗುತ್ತವೆ. ಧ್ವನಿ ಒಮ್ಮೆ ದಪ್ಪವಾಗಿ, ಒಮ್ಮೆ ಕೀರಲಾಗಿ ಬರುತ್ತದೆ. ಇದು ರೋಗವಲ್ಲ, ಬೆಳವಣಿಗೆ. ಕೆಲವರಿಗೆ ಆ ವಯಸ್ಸು ದಾಟಿದ ಮೇಲೂ ಧ್ವನಿ ಕೀರಲಾಗಿಯೇ ಉಳಿಯುತ್ತದೆ. ಗೆಳೆಯರು ನಗುತ್ತಾರೆಂದು ಅಂಥವರು ತರಗತಿಯಲ್ಲಿ ಎದ್ದು ಓದಲು ಹಿಂಜರಿಯುತ್ತಾರೆ. ಉತ್ತರ ಗೊತ್ತಿದ್ದರೂ ಸುಮ್ಮನೆ ಕುಳಿತುಬಿಡುತ್ತಾರೆ. ಆದರೆ ಸರಿಯಾದ ಅಭ್ಯಾಸದಿಂದ ಇದನ್ನು ಸರಿಪಡಿಸಬಹುದು.

ಪರೀಕ್ಷೆ ಹೇಗೆ?

ಧ್ವನಿ ಕಣ್ಣಿಗೆ ಕಾಣದು. ಹಾಗಾದರೆ ಅದನ್ನು ಪರೀಕ್ಷಿಸುವುದು ಹೇಗೆ? ಈ ಕೆಲಸವನ್ನು ಕಿವಿ-ಮೂಗು-ಗಂಟಲು ವೈದ್ಯರು ಮತ್ತು ವಾಕ್ ಚಿಕಿತ್ಸಕರು ಸೇರಿ ಮಾಡುತ್ತಾರೆ.

1. ಕೇಳುವುದು: ತೊಂದರೆ ಯಾವಾಗ ಶುರುವಾಯಿತು, ದಿನಕ್ಕೆ ಎಷ್ಟು ಕೂಗುತ್ತೀರಿ, ಎಷ್ಟು ನೀರು ಕುಡಿಯುತ್ತೀರಿ ಎಂದು ವಿಚಾರಿಸುತ್ತಾರೆ.

2. ಆಲಿಸುವುದು: ಧ್ವನಿ ಒಡಕಾಗಿದೆಯೇ, ಗಾಳಿ ಸೋರುತ್ತಿದೆಯೇ, ಬಲಹೀನವಾಗಿದೆಯೇ ಎಂದು ಗಮನಿಸಿ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಇಲ್ಲಿ 0 ಬಂದರೆ ಒಳ್ಳೆಯದು!

3. ಅಳೆಯುವುದು: ಒಂದೇ ಉಸಿರಿನಲ್ಲಿ 'ಆ' ಎಂದು ಎಷ್ಟು ಹೊತ್ತು ಎಳೆಯಬಲ್ಲಿರಿ ಎಂದು ನೋಡುತ್ತಾರೆ. ಕಂಪ್ಯೂಟರ್ ಸಹಾಯದಿಂದ ಕಂಪನಗಳನ್ನು ಎಣಿಸುತ್ತಾರೆ.

4. ನೋಡುವುದು: 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತ ಶಿಕ್ಷಕರು ಒಂದು ಉಪಾಯ ಹೂಡಿದರು. ಹಲ್ಲಿನ ವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ತಮ್ಮ ಗಂಟಲಿನೊಳಗೆ ಹಿಡಿದು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬಿಟ್ಟರು. ತಮ್ಮದೇ ಧ್ವನಿತಂತುಗಳು ಅವರಿಗೆ ಕಂಡವು! ಈಗ ತೆಳುವಾದ ನಳಿಗೆಯ ತುದಿಯಲ್ಲಿ ಕ್ಯಾಮೆರಾ ಇಟ್ಟು ನೋಡುತ್ತಾರೆ. ತಂತುಗಳ ಕಂಪನ ಬಹಳ ವೇಗವಾದ್ದರಿಂದ, ಮಿನುಗುವ ಬೆಳಕು ಬಿಟ್ಟು ಅದು ನಿಧಾನವಾಗಿ ನಡೆಯುವಂತೆ ಕಾಣಿಸುತ್ತಾರೆ.

(ಎಚ್ಚರಿಕೆ: ಗಾರ್ಸಿಯಾ ಅವರ ಪ್ರಯೋಗವನ್ನು ನೀವು ಮಾಡಬೇಡಿ. ಗಂಟಲಿನೊಳಗೆ ಯಾವ ವಸ್ತುವನ್ನೂ ಹಾಕಬಾರದು.)

ಚಿಕಿತ್ಸೆ ಏನು?

ಮಕ್ಕಳ ಧ್ವನಿತಂತುಗಳ ಗಂಟಿಗೆ ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಧ್ವನಿ ಚಿಕಿತ್ಸೆ ಕೊಡುತ್ತಾರೆ. ಕಿರುಚದೆ ಮಾತನಾಡುವುದು, ಸರಿಯಾಗಿ ಉಸಿರು ತೆಗೆದುಕೊಳ್ಳುವುದು, 'ಮ್' ಎಂದು ಗುನುಗುವುದು, ತೆಳು ಕೊಳವೆಯ ಮೂಲಕ ಸ್ವರ ಹೊರಡಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ಉಜ್ಜುವುದು ನಿಂತರೆ ಅಂಗೈಯ ಜಡ್ಡು ಕರಗುವಂತೆ ಗಂಟುಗಳೂ ಕುಗ್ಗುತ್ತವೆ. ಬೇರೆ ಕೆಲವು ತೊಂದರೆಗಳಿಗೆ ಔಷಧಿ ಅಥವಾ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಜೇನುತುಪ್ಪ, ಶುಂಠಿ ಕಷಾಯ ಕುಡಿದರೆ ಗಂಟಲಿಗೆ ಹಿತ. ಆದರೆ ಅವು ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ನುಂಗಿದ್ದೆಲ್ಲ ಅನ್ನನಾಳಕ್ಕೆ ಹೋಗುತ್ತದೆ. ತಂತುಗಳಿರುವುದು ಗಾಳಿಯ ದಾರಿಯಲ್ಲಿ!

ನಮ್ಮ ರಾಜ್ಯದ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು, ಧ್ವನಿ, ಕಿವಿಯ ತೊಂದರೆ ಇರುವವರನ್ನು ಅಲ್ಲಿ ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ. ವಾಕ್ ಚಿಕಿತ್ಸಕರಾಗಲು ಬೇಕಾದ ಶಿಕ್ಷಣವೂ ಅಲ್ಲಿ ದೊರೆಯುತ್ತದೆ. ಆದರೆ ಮೊದಲೇ ಅಷ್ಟು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಬಹುದು.

ನೆನಪಿಡಿ

* ಗೊಗ್ಗರು ಧ್ವನಿ ಮೂರು-ನಾಲ್ಕು ವಾರವಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಉಸಿರಾಟಕ್ಕೂ ಕಷ್ಟವಾದರೆ ಒಂದು ದಿನವೂ ಕಾಯಬಾರದು.
* ಬೀಡಿ, ಸಿಗರೇಟು, ತಂಬಾಕು ಬಳಸುವ ಹಿರಿಯರ ಧ್ವನಿ ಬದಲಾದರೆ ಕೂಡಲೇ ಪರೀಕ್ಷೆ ಮಾಡಿಸಬೇಕು. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಮೊದಲು ಕೊಡುವ ಸೂಚನೆ ಹಲವು ಸಲ ಇದೇ ಆಗಿರುತ್ತದೆ. ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ನಿಮ್ಮ ಮನೆಯ ಅಜ್ಜನಿಗೆ ಈ ಮಾತನ್ನು ನೀವೇ ಹೇಳಿ.
* ಆಗಾಗ ನೀರು ಕುಡಿಯಿರಿ. ದೂರದಲ್ಲಿರುವ ಗೆಳೆಯನನ್ನು ಕೂಗಿ ಕರೆಯುವ ಬದಲು ಚಪ್ಪಾಳೆ ತಟ್ಟಿ, ಇಲ್ಲವೇ ಹತ್ತಿರ ಹೋಗಿ.
* ಯಾರ ಧ್ವನಿಯನ್ನೂ ಅಣಕಿಸಬೇಡಿ. "ಡಾಕ್ಟರಿಗೆ ತೋರಿಸಿದೆಯಾ?" ಎಂದು ಕೇಳಿ.

ಮಾಡಿ ನೋಡಿ

ಗಡಿಯಾರ ಇಟ್ಟುಕೊಂಡು, ದೀರ್ಘವಾಗಿ ಉಸಿರು ತೆಗೆದುಕೊಂಡು, ಸಹಜ ಧ್ವನಿಯಲ್ಲಿ 'ಆ' ಎನ್ನಿ. ಎಷ್ಟು ಸೆಕೆಂಡು ಬಂತು? ಮೂರು ಸಲ ಮಾಡಿ, ಹೆಚ್ಚಿನದನ್ನು ಬರೆದುಕೊಳ್ಳಿ. ನಿಮ್ಮ ವಯಸ್ಸಿನವರಿಗೆ ಸಾಮಾನ್ಯವಾಗಿ 10 ಸೆಕೆಂಡಿಗಿಂತ ಹೆಚ್ಚು ಬರುತ್ತದೆ. ಕಡಿಮೆ ಬಂದರೆ ಹೆದರಬೇಡಿ. ಈ ಒಂದು ಪರೀಕ್ಷೆಯಿಂದಲೇ ವೈದ್ಯರು ಏನನ್ನೂ ನಿರ್ಧರಿಸುವುದಿಲ್ಲ.

ಉತ್ತರಿಸಿ

1. 'ಸ್' ಎಂದಾಗ ಕತ್ತಿನಲ್ಲಿ ನಡುಕ ತಿಳಿಯುವುದಿಲ್ಲ, 'ಮ್' ಎಂದಾಗ ತಿಳಿಯುತ್ತದೆ. ಏಕೆ?
2. ಧ್ವನಿತಂತುಗಳ ಗಂಟನ್ನು ಅಂಗೈಯ ಜಡ್ಡಿಗೆ ಏಕೆ ಹೋಲಿಸಲಾಗಿದೆ?
3. ಕುಡಿದ ಕಷಾಯ ಧ್ವನಿತಂತುಗಳನ್ನು ಏಕೆ ಮುಟ್ಟುವುದಿಲ್ಲ? ಚಿತ್ರ ಬರೆದು ವಿವರಿಸಿ.
4. ನಿಮ್ಮ ಊರಿನಲ್ಲಿ ಧ್ವನಿಯನ್ನು ಹೆಚ್ಚು ಬಳಸಬೇಕಾದ ಕೆಲಸಗಳು ಯಾವುವು? ಪಟ್ಟಿ ಮಾಡಿ.