ಪಿತ್ತಕೋಶದ ಕಲ್ಲು: ಶಸ್ತ್ರಚಿಕಿತ್ಸೆ ಯಾವಾಗ ಬೇಕು?



ಪಿತ್ತಕೋಶ ತೆಗೆಸಿದರೆ ಉಂಡದ್ದು ಅರಗುವುದು ಹೇಗೆ ಎಂಬ ಭಯ ಹಲವರಿಗಿದೆ. ಪಾಲಿಬೆಟ್ಟದ ತೋಟಗಳಿಗೆ ನುಗ್ಗುವ ಆನೆಗೆ ಪಿತ್ತಕೋಶವೇ ಇಲ್ಲ, ಕುದುರೆಗೂ ಇಲ್ಲ. ಹಾಲು ಕೊಡುವುದು ಹಸು, ಕ್ಯಾನ್ ಅಲ್ಲ. ಹಾಗೆಯೇ ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಪಿತ್ತಕೋಶ ಅದನ್ನು ಕೂಡಿಡುವ ಚೀಲ ಮಾತ್ರ. ಚೀಲ ತೆಗೆದರೆ ರಸ ನೇರವಾಗಿ ಕರುಳಿಗೆ ಹರಿಯುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡ ಮಾತ್ರಕ್ಕೆ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಕಾದು ನೋಡಬಹುದು. ಆದರೆ ಊಟದ ನಂತರ ಬಲಪಕ್ಕೆಯ ಕೆಳಗೆ ನೋವು ಬಂದು, ಬೆನ್ನು ಭುಜಕ್ಕೆ ಹರಡಿ ಮರುಕಳಿಸುತ್ತಿದ್ದರೆ ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗುತ್ತಾ ಕೂರಬೇಡಿ. ಶಸ್ತ್ರವೈದ್ಯರನ್ನು ಕಾಣಿರಿ, ಇಂಥ ನೋವಿಗೆ ತೆಗೆಸುವ ಸಲಹೆಯೇ ಹೆಚ್ಚು. ಬಿಡದ ನೋವು, ಚಳಿಜ್ವರ, ಕಣ್ಣು ಹಳದಿಯಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಲ್ಯಾಪ್ರೋಸ್ಕೋಪಿ ವಿಧಾನದಲ್ಲಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಬರಬಹುದು. ಕೆಲವು ವಾರ ಹಾಲಿನ ಕ್ಯಾನ್, ಹುಲ್ಲಿನ ಹೊರೆ ಎತ್ತಬಾರದು. ಆದುದರಿಂದ ಹಾಲು ಕರೆಯುವವರನ್ನು ಗೊತ್ತು ಮಾಡಿಕೊಂಡೇ ದಿನ ನಿಗದಿ ಮಾಡಿರಿ.

ಸಹಕಾರಿಗಳಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಆರಂಭವಾಯಿತು. ನೋವು ಬರುವ ಮೊದಲೇ ನೋಂದಣಿಯ ವಿಚಾರವನ್ನು ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ಕೇಳಿ ತಿಳಿಯಿರಿ.