ಹಳೇ ಕಂಪ್ಯೂಟರಿನ ಖಾಲಿ ಸ್ಲಾಟಿಗೆ ಯಾವ ಕಾರ್ಡ್?

ಹತ್ತು ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿದರೆ ಮದರ್‌ಬೋರ್ಡಿನ ಮೇಲೆ ಒಂದೆರಡು ಸ್ಲಾಟ್ ಖಾಲಿ ಇರುವುದು ಸಾಮಾನ್ಯ. ಅಲ್ಲಿ ಏನೇನು ಹಾಕಬಹುದು ಎಂದು ಕೇಳಿದರೆ ವೈಫೈ ಕಾರ್ಡ್, ಗ್ರಾಫಿಕ್ಸ್ ಕಾರ್ಡ್, ಸೌಂಡ್ ಕಾರ್ಡ್ ಎಂದು ಪಟ್ಟಿ ಬೆಳೆಯುತ್ತದೆ. ಆದರೆ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಯಂತ್ರದಲ್ಲಿ ನಮ್ಮ ದಿನದ ಕೆಲಸ ಎಲ್ಲಿ ತಡವಾಗುತ್ತಿದೆ ಎಂಬುದನ್ನು. 2011ರ ಇಂಟೆಲ್ ಎಚ್61 ಚಿಪ್‌ಸೆಟ್ ಇರುವ ಕಂಪ್ಯೂಟರನ್ನೇ ನೋಡಿ. ಆ ಚಿಪ್‌ಸೆಟ್‌ನಲ್ಲಿ ಯುಎಸ್‌ಬಿ 3.0 ಇಲ್ಲ. ಬೋರ್ಡ್ ತಯಾರಕರು ಬೇರೆ ಚಿಪ್ ಕೂರಿಸಿರದಿದ್ದರೆ ಹಿಂದೆ ಮುಂದೆ ಇರುವುದೆಲ್ಲ ಯುಎಸ್‌ಬಿ 2.0 ಪೋರ್ಟ್‌ಗಳೇ. ಇಂಥ ಯಂತ್ರದ ಖಾಲಿ ಸ್ಲಾಟಿಗೆ ಯುಎಸ್‌ಬಿ 3.0 ಕಾರ್ಡಿಗಿಂತ ಒಳ್ಳೆಯ ಉಪಯೋಗ ಬಹುಪಾಲು ಮನೆಗಳಲ್ಲಿ ಇಲ್ಲ.

ಇದಕ್ಕೆ ಲೆಕ್ಕವೇ ಸಾಕ್ಷಿ. ಯುಎಸ್‌ಬಿ 2.0ರ ವೇಗ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್. ಬಳಕೆಯಲ್ಲಿ ಸಿಗುವುದು ಸೆಕೆಂಡಿಗೆ 30ರಿಂದ 40 ಮೆಗಾಬೈಟ್. ಮದುವೆಯ ಫೋಟೊ, ವಿಡಿಯೊ ಸೇರಿ 50 ಗಿಗಾಬೈಟ್ ಇದ್ದರೆ ಅದನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಇಳಿಸಲು 20 ನಿಮಿಷ ದಾಟುತ್ತದೆ. ಅದೇ ಹಾರ್ಡ್‌ಡಿಸ್ಕನ್ನು ಯುಎಸ್‌ಬಿ 3.0ಕ್ಕೆ ಸಿಕ್ಕಿಸಿದರೆ ಡಿಸ್ಕ್ ತನ್ನ ಸ್ವಂತ ವೇಗದಲ್ಲಿ, ಅಂದರೆ ಸೆಕೆಂಡಿಗೆ 100 ಮೆಗಾಬೈಟ್‌ಗೂ ಮಿಕ್ಕಿ, ಓಡುತ್ತದೆ. ಕೆಲಸ ಏಳೆಂಟು ನಿಮಿಷಕ್ಕೆ ಮುಗಿಯುತ್ತದೆ. ಬೇಗ ಮುಗಿಯುವ ಬ್ಯಾಕಪ್ಪನ್ನು ಜನ ಮುಂದೂಡುವುದಿಲ್ಲ. ಈ ಕಾರ್ಡಿನ ನಿಜವಾದ ಲಾಭ ಅದು.

ಸ್ಲಾಟ್ ಗುರುತಿಸುವುದು ಮೊದಲ ಹೆಜ್ಜೆ. ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ; ಒಳಗೆ ಉಳಿದ ವಿದ್ಯುತ್ತು ಇಳಿಯಲಿ. ಕೈಯಲ್ಲಿರುವ ಸ್ಥಿರವಿದ್ಯುತ್ತು ಹೋಗಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ್ದು ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಸ್ಲಾಟ್, ಒಂಬತ್ತು ಸೆಂಟಿಮೀಟರಿನಷ್ಟು ಉದ್ದದ್ದು ಎಕ್ಸ್16. ಚಿಕ್ಕ ಕಾರ್ಡ್ ಉದ್ದದ ಸ್ಲಾಟಿನಲ್ಲೂ ಕೆಲಸ ಮಾಡುತ್ತದೆ. ಎಚ್61ರಂಥ ಬೋರ್ಡಿನ ಎಕ್ಸ್1 ಸ್ಲಾಟ್ ಎರಡನೇ ತಲೆಮಾರಿನದು. ಒಂದು ದಿಕ್ಕಿಗೆ ಸೆಕೆಂಡಿಗೆ 500 ಮೆಗಾಬೈಟ್ ಸಾಗಿಸಬಲ್ಲದು, ಒಂದು ಯುಎಸ್‌ಬಿ 3.0 ಸಾಧನಕ್ಕೆ ಅಷ್ಟು ಸಾಕು. ಸಾಮಾನ್ಯವಾಗಿ ಬಿಳಿ ಬಣ್ಣದಲ್ಲಿರುವ ಹಳೆಯ ಪಿಸಿಐ ಸ್ಲಾಟ್ ಬೇರೆಯೇ ಜಾತಿ. ಎಲ್ಲ ಕಾರ್ಡ್‌ಗಳೂ ಸೇರಿ ಸೆಕೆಂಡಿಗೆ 133 ಮೆಗಾಬೈಟನ್ನು ಹಂಚಿಕೊಳ್ಳಬೇಕು. ಅದೊಂದೇ ಖಾಲಿ ಇದ್ದರೆ ಯುಎಸ್‌ಬಿ 3.0 ಆಸೆ ಬಿಡಿ. ಅಂಗಡಿಯ ತೂಕದ ಯಂತ್ರಕ್ಕೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೋ ಬೇಕಾಗುವ ಸೀರಿಯಲ್, ಪ್ಯಾರಲಲ್ ಪೋರ್ಟಿನ ಕಾರ್ಡಿಗೆ ಆ ಜಾಗ ಸರಿ.

ಕಾರ್ಡ್ ಆರಿಸುವಾಗ ಬೆಲೆಗಿಂತ ಮೊದಲು ವಿದ್ಯುತ್ತನ್ನು ನೋಡಬೇಕು. ಪ್ರತಿ ಯುಎಸ್‌ಬಿ 3.0 ಪೋರ್ಟ್ 4.5 ವ್ಯಾಟ್ ವರೆಗೆ ಕೊಡಬೇಕು. ನಾಲ್ಕಕ್ಕೆ 18 ವ್ಯಾಟ್. ಎಕ್ಸ್1 ಸ್ಲಾಟಿನಿಂದ ಖಾತರಿಯಾಗಿ ಸಿಗುವುದು 10 ವ್ಯಾಟ್ ಮಾತ್ರ. ಆದ್ದರಿಂದ ನಾಲ್ಕು ಪೋರ್ಟಿನ ಕಾರ್ಡಾದರೆ ಎಸ್‌ಎಂಪಿಎಸ್‌ನಿಂದ ನೇರ ವಿದ್ಯುತ್ ಪಡೆಯುವ ಕನೆಕ್ಟರ್ ಅದರ ಮೇಲಿರಲಿ. ಇಲ್ಲದಿದ್ದರೆ ಎರಡು ಹಾರ್ಡ್‌ಡಿಸ್ಕ್ ಒಟ್ಟಿಗೆ ಸಿಕ್ಕಿಸಿದಾಗ, ಫೈಲ್ ಇಳಿಯುತ್ತಿರುವ ನಡುವೆಯೇ ಡಿಸ್ಕಿನ ಸಂಪರ್ಕ ಕಡಿದುಹೋಗಬಹುದು. ಸ್ಲಿಮ್ ಕ್ಯಾಬಿನೆಟ್ ಆದರೆ ಗಿಡ್ಡ ಬ್ರಾಕೆಟ್ ಜೊತೆಗೆ ಬರುವ ಕಾರ್ಡನ್ನೇ ಕೇಳಿ. ಸ್ಲಾಟಿನ ನೇರಕ್ಕೆ ಹಿಂದಿರುವ ತಗಡಿನ ಪಟ್ಟಿ ತೆಗೆದು, ಕಾರ್ಡನ್ನು ಎರಡೂ ಬದಿ ಸಮನಾಗಿ ಒತ್ತಿ ಕೂರಿಸಿ, ಸ್ಕ್ರೂ ಬಿಗಿಯಿರಿ. ವಿಂಡೋಸ್ 10 ಮತ್ತು ಲಿನಕ್ಸ್ ತಾವಾಗಿಯೇ ಅದನ್ನು ಗುರುತಿಸುತ್ತವೆ. ವಿಂಡೋಸ್ 7ಕ್ಕೆ ತಯಾರಕರ ಡ್ರೈವರ್ ಬೇಕು. ಕೀಬೋರ್ಡನ್ನು ಹಳೇ ಪೋರ್ಟಿನಲ್ಲೇ ಉಳಿಸಿ, ಏಕೆಂದರೆ ಹಳೆಯ ಬಯಾಸ್‌ಗೆ ಹೊಸ ಕಾರ್ಡಿನ ಪೋರ್ಟ್‌ಗಳು ಸಾಮಾನ್ಯವಾಗಿ ಕಾಣುವುದಿಲ್ಲ.

ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದರೆ ಇನ್ನೂ ಹೆಚ್ಚು ವೇಗ ಸಿಗುವುದಿಲ್ಲವೇ ಎಂದು ಕೇಳಬಹುದು. ಅಡಾಪ್ಟರ್ ಬಳಸಿ ಉದ್ದದ ಸ್ಲಾಟಿನಲ್ಲಿ ಹಾಕಬಹುದು, ನಿಜ. ಆದರೆ ಆ ಕಾಲದ ಬಯಾಸ್ ಸಾಮಾನ್ಯವಾಗಿ ಅದರಿಂದ ಬೂಟ್ ಮಾಡುವುದಿಲ್ಲ. ಕಂಪ್ಯೂಟರ್ ಬೇಗ ಏಳಬೇಕೆಂದರೆ ಸಾಟಾ ಎಸ್‌ಎಸ್‌ಡಿ ಸಾಕು, ಅದಕ್ಕೆ ಸ್ಲಾಟೇ ಬೇಡ. ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಹಳೆಯ ಎಸ್‌ಎಂಪಿಎಸ್‌ನ ಬಲ ಸಾಲದು, ಪ್ರೊಸೆಸರ್ರೂ ಅದರ ಸಮಕ್ಕೆ ನಿಲ್ಲದು.

ಇಷ್ಟು ಹಳೆಯದಕ್ಕೆ ದುಡ್ಡು ಸುರಿಯುವುದೇಕೆ ಎಂಬ ಆಕ್ಷೇಪವನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎಚ್61 ಕಾಲದ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹಾಗಾಗಿ ಭದ್ರತಾ ಅಪ್‌ಡೇಟ್ ನಿಂತ ವ್ಯವಸ್ಥೆಯಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಲಿನಕ್ಸ್ ಹಾಕಿಕೊಂಡರೆ, ಅಥವಾ ಇಂಟರ್ನೆಟ್ ಇಲ್ಲದೆ ಮನೆಯ ಫೋಟೊ, ದಾಖಲೆಗಳ ಬ್ಯಾಕಪ್ಪಿಗೆಂದೇ ಇಟ್ಟುಕೊಂಡರೆ, ಹೊಸ ಕಂಪ್ಯೂಟರಿನ ಬೆಲೆಯ ಸಣ್ಣ ಪಾಲಿನಲ್ಲಿ ಈ ಯಂತ್ರ ಇನ್ನೂ ಕೆಲವು ವರ್ಷ ದುಡಿಯುತ್ತದೆ. ಈ ಎರಡೂ ಆಗದೆಂದರೆ ಕಾರ್ಡ್ ಕೊಳ್ಳಬೇಡಿ. ಸ್ಲಾಟ್ ಖಾಲಿ ಇದ್ದರೆ ನಷ್ಟವೇನೂ ಇಲ್ಲ.