ಚಾರ್ಟ್ ಕೇಳಿ, ತಾರೀಖು ಬರೆದಿಡಿ

ಐರ್ಲೆಂಡಿಗೆ ಹೊಸದಾಗಿ ಬಂದ ನಮ್ಮವರಿಗೆ ಇಲ್ಲಿನ ಆಸ್ಪತ್ರೆಗಳ ವಿಷಯ ಹೇಳುವಾಗ ಬೆಳಗಾವಿಯ ಸವಿತಾ ಹಾಲಪ್ಪನವರ ಹೆಸರು ಬಿಟ್ಟು ಹೇಳಲು ನನ್ನಿಂದ ಆಗದು. ದಂತವೈದ್ಯೆ, 31 ವರ್ಷ, ಹದಿನೇಳು ವಾರದ ಬಸುರಿ. 2012ರ ಅಕ್ಟೋಬರ್ 21ರ ಭಾನುವಾರ ಬೆನ್ನುನೋವೆಂದು ಗಾಲ್ವೇಯ ಯೂನಿವರ್ಸಿಟಿ ಆಸ್ಪತ್ರೆಗೆ ಹೋದವರು 28ರಂದು ತೀರಿಕೊಂಡರು. ಗರ್ಭ ಉಳಿಯುವುದಿಲ್ಲ ಎಂದು ಖಚಿತವಾದ ಮೇಲೂ, ಭ್ರೂಣದ ಎದೆಬಡಿತ ಇರುವತನಕ ಗರ್ಭಪಾತಕ್ಕೆ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಸಿಕ್ಕಿತ್ತು. ಆ ಕಾನೂನಿನ ಬೇರಾಗಿದ್ದ ಸಂವಿಧಾನದ ಎಂಟನೇ ತಿದ್ದುಪಡಿಯನ್ನು 2018ರ ಮೇ 25ರಂದು ಈ ದೇಶದ ಜನ ಮತ ಹಾಕಿ ತೆಗೆದರು.

ಇಷ್ಟು ಎಲ್ಲರಿಗೂ ಗೊತ್ತು. ಆದರೆ 2013ರ ಏಪ್ರಿಲ್‌ನಲ್ಲಿ ಗಾಲ್ವೇಯಲ್ಲಿ ನಡೆದ ಇನ್‌ಕ್ವೆಸ್ಟ್, ಅಂದರೆ ಸಾವಿನ ವಿಚಾರಣೆ, ಬೇರೆ ಕೆಲವು ಸಂಗತಿಗಳನ್ನೂ ಹೊರಗೆ ತಂದಿತು. ನಮ್ಮ ಕುಟುಂಬಗಳು ಮುಖ್ಯವಾಗಿ ತಿಳಿಯಬೇಕಾದ್ದು ಅವನ್ನೇ ಎಂಬುದು ನನ್ನ ಅಭಿಪ್ರಾಯ. ಸೇರಿಸಿಕೊಂಡ ದಿನವೇ ತೆಗೆದ ರಕ್ತದ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಏರಿತ್ತು. ಆ ರಿಪೋರ್ಟನ್ನು ಯಾರೂ ಹಿಂಬಾಲಿಸಲಿಲ್ಲ. ನೀರು ಒಡೆದ ಮೇಲೆ ನಾಲ್ಕು ಗಂಟೆಗೊಮ್ಮೆ ನಾಡಿ, ಜ್ವರ ನೋಡಬೇಕೆಂಬ ನಿಯಮವಿದ್ದೂ ಹಾಗೆ ನೋಡಲಿಲ್ಲ. ಬುಧವಾರ ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ ಸವಿತಾ ಹಲ್ಲು ಕಟಕಟಿಸುವಷ್ಟು ನಡುಗುತ್ತಿದ್ದರು. ಕಂಬಳಿ ಹೊದಿಸಿದರು, ಪ್ಯಾರಸಿಟಮಾಲ್ ಕೊಟ್ಟರು. ಬೆಳಗ್ಗೆ ಆರೂವರೆಗೆ ಜ್ವರ 39.6, ನಾಡಿ ನಿಮಿಷಕ್ಕೆ 160. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಇಳಿದಿತ್ತು, ಅಂದರೆ ಸೆಪ್ಸಿಸ್. ಆರೋಗ್ಯ ಸೇವೆಗಳ ಗುಣಮಟ್ಟ ನೋಡುವ ಹಿಕ್ವಾ ಸಂಸ್ಥೆ 2013ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿ, ಕೈತಪ್ಪಿದ ಅವಕಾಶಗಳು 13 ಎಂದು ಹೇಳಿತು.

ಡಾಕ್ಟರ ಎದುರು ಮಾತಾಡಬಾರದು ಎಂದು ಮನೆಯಲ್ಲಿ ಕಲಿತು ಬಂದವರು ನಾವು. ಇಲ್ಲಿ ಆ ಸಂಕೋಚ ಬೇಡ. ‘ರಕ್ತದ ರಿಪೋರ್ಟ್ ಬಂತಾ? ಯಾರು ನೋಡಿದರು? ಏನಿತ್ತು?’ ಎಂದು ಹೆಸರು ಹಿಡಿದು ಕೇಳಿ. ಚಳಿನಡುಕ, ಏದುಸಿರು, ಮಾತು ತೊದಲುವುದು ಕಂಡರೆ ‘ಇದು ಸೆಪ್ಸಿಸ್ ಇರಬಹುದೇ?’ ಎಂದು ನೇರವಾಗಿ ಕೇಳಿ. ವಾರ್ಡಿನಲ್ಲಿ ಬಂದು ಹೋಗುವವರು ಬಹಳ ಸಲ ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞ ವೈದ್ಯರು, ಆಗಿರುವುದಿಲ್ಲ. ಕನ್ಸಲ್ಟೆಂಟ್ ಯಾರು, ಅವರಿಗೆ ವಿಷಯ ಮುಟ್ಟಿದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಇಂಗ್ಲಿಷ್ ತೊಡಕಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ದುಭಾಷಿ ಬೇಕೆನ್ನಿ, ಅದರ ಖರ್ಚು ರೋಗಿಯ ಮೇಲೆ ಬೀಳುವುದಿಲ್ಲ. ಹತ್ತು ವರ್ಷದ ಮಗನನ್ನು ನಿಲ್ಲಿಸಿ ಅಜ್ಜಿಯ ಗರ್ಭಕೋಶದ ಸಮಸ್ಯೆ ಹೇಳಿಸಬೇಡಿ. ಮಗುವಿಗೂ ಕಷ್ಟ, ಅಜ್ಜಿ ಅರ್ಧ ಮುಚ್ಚಿಡುತ್ತಾರೆ.

ಏನೋ ತಪ್ಪಾಯಿತು ಎನ್ನಿಸಿದರೆ ಮೊದಲು ಮಾಡಬೇಕಾದ ಕೆಲಸ ದಾಖಲೆ ತರಿಸಿಕೊಳ್ಳುವುದು. ವಕೀಲರಿಗಿಂತ ಮೊದಲು ಇದು. ವೈಯಕ್ತಿಕ ಮಾಹಿತಿ ರಕ್ಷಣೆಯ ಜಿಡಿಪಿಆರ್ ಕಾನೂನಿನಡಿ ನಿಮ್ಮ ವೈದ್ಯಕೀಯ ದಾಖಲೆಯ ಪ್ರತಿ ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಹಣವಿಲ್ಲದೆ ಕೊಡಬೇಕು. ‘ನನ್ನ ಫೈಲ್ ಕೊಡಿ’ ಎಂದಷ್ಟೇ ಬರೆದರೆ ಡಿಸ್ಚಾರ್ಜ್ ಪತ್ರ ಮಾತ್ರ ಕೈಗೆ ಬಂದೀತು. ವೈದ್ಯರ ಟಿಪ್ಪಣಿ, ನರ್ಸುಗಳ ಟಿಪ್ಪಣಿ, ನಾಡಿ ಜ್ವರ ಬರೆಯುವ ಅಬ್ಸರ್ವೇಶನ್ ಚಾರ್ಟ್, ಔಷಧಿ ಕೊಟ್ಟ ಹೊತ್ತು ಗುರುತಿಸುವ ಕಾರ್ಡೆಕ್ಸ್, ಲ್ಯಾಬ್ ರಿಪೋರ್ಟು, ಸ್ಕ್ಯಾನಿನ ಚಿತ್ರ, ಒಪ್ಪಿಗೆ ಪತ್ರ ಇವೆಲ್ಲವನ್ನೂ ಒಂದೊಂದಾಗಿ ಹೆಸರಿಸಿ ಕೇಳಿ. ತೀರಿಕೊಂಡವರ ದಾಖಲೆಗೆ ಜಿಡಿಪಿಆರ್ ಅನ್ವಯಿಸುವುದಿಲ್ಲ. ಸರ್ಕಾರಿ ಆಸ್ಪತ್ರೆಯಾದರೆ ಗಂಡ, ಹೆಂಡತಿ ಅಥವಾ ಹತ್ತಿರದ ಸಂಬಂಧಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಅರ್ಜಿ ಹಾಕಬೇಕು. ಸವಿತಾ ಅವರ ಸಾವಿನ ವಿಚಾರಣೆ ನಡೆಸಿದ ಕರೋನರ್ ಕೊಟ್ಟ ಶಿಫಾರಸುಗಳಲ್ಲಿ ಒಂದು, ವಿಚಾರಣೆಗೆ ಒಳಗಾಗುವ ಸಾವಿನ ಪ್ರಕರಣದಲ್ಲಿ ಆಸ್ಪತ್ರೆಯ ಟಿಪ್ಪಣಿಗಳಿಗೆ ಆಮೇಲೆ ಏನನ್ನೂ ಸೇರಿಸಕೂಡದು ಎಂಬುದು. ದಾಖಲೆಯ ಬೆಲೆ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನೀವೂ ಅವತ್ತವತ್ತೇ ಬರೆದಿಡಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಬಂದರು, ಏನು ಹೇಳಿದರು.

ದೂರಿನ ದಾರಿ ಬೇರೆ, ಪರಿಹಾರದ ದಾರಿ ಬೇರೆ. ಇವೆರಡನ್ನು ಒಂದೇ ಎಂದುಕೊಂಡು ಮೋಸಹೋಗುವವರಿದ್ದಾರೆ. ಸರ್ಕಾರಿ ಆರೋಗ್ಯ ಸೇವೆಯಾದ ಎಚ್‌ಎಸ್‌ಇಗೆ ಹನ್ನೆರಡು ತಿಂಗಳೊಳಗೆ ದೂರು ಕೊಡಬಹುದು. ಉತ್ತರ ಹಿಡಿಸದಿದ್ದರೆ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಆದರೆ ಡಾಕ್ಟರ ವೈದ್ಯಕೀಯ ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ಓಂಬುಡ್ಸ್‌ಮನ್ ನೋಡುವುದಿಲ್ಲ. ಮೆಡಿಕಲ್ ಕೌನ್ಸಿಲ್ ಡಾಕ್ಟರ ನೋಂದಣಿಯ ಮೇಲೆ ಕ್ರಮ ಕೈಗೊಳ್ಳಬಹುದು, ನಿಮಗೆ ಹಣ ಕೊಡಿಸಲಾರದು. ದೂರು ಬರೆಯಲು ಕೈ ನಡುಗಿದರೆ ಪೇಶಂಟ್ ಅಡ್ವೊಕೆಸಿ ಸರ್ವಿಸ್ ಇದೆ, 2019ರಿಂದ ನಡೆಯುತ್ತಿದೆ, ಉಚಿತ, ಎಚ್‌ಎಸ್‌ಇಯ ಕೈಕೆಳಗಿಲ್ಲ.

ಪರಿಹಾರಕ್ಕೆ ಸಾಲಿಸಿಟರ್, ಅಂದರೆ ವಕೀಲರು, ಬೇಕು. ಊರಿನಲ್ಲಿ 1995ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆಸ್ಪತ್ರೆಯ ಮೇಲೆ ಗ್ರಾಹಕರ ವೇದಿಕೆಯಲ್ಲಿ ವಕೀಲರಿಲ್ಲದೆಯೂ ದಾವೆ ಹೂಡಬಹುದಿತ್ತು. ಇಲ್ಲಿ ಆ ಬಾಗಿಲಿಲ್ಲ. ಕಾರು ಅಪಘಾತದ ಪರಿಹಾರ ನೋಡುವ ಮಂಡಳಿಯೂ ವೈದ್ಯಕೀಯ ನಿರ್ಲಕ್ಷ್ಯದ ಪ್ರಕರಣ ನೋಡುವುದಿಲ್ಲ, ಕೋರ್ಟಿಗೇ ಹೋಗಬೇಕು. ಕೋರ್ಟು ಬಳಸುವ ಅಳತೆ 1989ರ ಡನ್ ತೀರ್ಪಿನದು: ಅದೇ ದರ್ಜೆಯ, ಅದೇ ಪರಿಣತಿಯ ಬೇರಾವ ವೈದ್ಯರೂ ಸಾಮಾನ್ಯ ಎಚ್ಚರದಿಂದಿದ್ದಾಗ ಮಾಡದಂಥ ತಪ್ಪು ಆಗಿರಬೇಕು, ಆ ತಪ್ಪಿನಿಂದಲೇ ಹಾನಿಯಾಗಿದೆ ಎಂದೂ ತೋರಿಸಬೇಕು. ಎರಡನೆಯದು ಕಷ್ಟ. ಚಿಕಿತ್ಸೆ ಫಲಿಸಲಿಲ್ಲ ಎಂದ ಮಾತ್ರಕ್ಕೆ ನಿರ್ಲಕ್ಷ್ಯವಾಗದು, ಒಳ್ಳೆಯ ಡಾಕ್ಟರ ಕೈಯಲ್ಲೂ ರೋಗಿ ಸಾಯುತ್ತಾರೆ. ಹಾಗಾಗಿ ಮೊದಲು ಹೊರಗಿನ ತಜ್ಞರೊಬ್ಬರ ವರದಿ ಬೇಕು, ಅದನ್ನು ಬಹಳ ಸಲ ಇಂಗ್ಲೆಂಡಿನಿಂದ ತರಿಸುತ್ತಾರೆ.

ಖರ್ಚಿನ ಮಾತನ್ನು ಮೊದಲ ಭೇಟಿಯಲ್ಲೇ ಬಿಚ್ಚಿ ಮಾತಾಡಿ. ಗೆದ್ದ ಹಣದಲ್ಲಿ ಇಷ್ಟು ಪಾಲು ಎಂದು ಇಂಥ ಪ್ರಕರಣದಲ್ಲಿ ಸಾಲಿಸಿಟರ್ ಫೀಸು ಕಟ್ಟುವಂತಿಲ್ಲ. ಫೀಸಿನ ಲೆಕ್ಕ ಬರಹದಲ್ಲಿ ಕೊಡಬೇಕು. ತಜ್ಞರ ವರದಿಯ ಹಣ ಯಾರು ಕೊಡಬೇಕು, ಸೋತರೆ ಎದುರಿನವರ ಖರ್ಚು ಯಾರ ತಲೆಗೆ ಬರುತ್ತದೆ ಎಂದು ಕೇಳದೆ ಸಹಿ ಹಾಕಬೇಡಿ. ‘ಪಾಪ, ಆ ಡಾಕ್ಟರು ಬೀದಿಗೆ ಬೀಳುತ್ತಾರೇನೋ’ ಎಂದು ಹಿಂಜರಿಯುವವರನ್ನು ಕಂಡಿದ್ದೇನೆ. ಸರ್ಕಾರಿ ಆಸ್ಪತ್ರೆಯ ಮೇಲಿನ ದಾವೆಗಳನ್ನು ಸ್ಟೇಟ್ ಕ್ಲೇಮ್ಸ್ ಏಜೆನ್ಸಿ ನಡೆಸುತ್ತದೆ, ಪರಿಹಾರ ಹೋಗುವುದು ಸರ್ಕಾರದ ಬೊಕ್ಕಸದಿಂದ. ವರ್ಕ್ ಪರ್ಮಿಟ್‌ಗೆ ತೊಂದರೆಯಾದೀತು ಎಂಬ ಭಯವೂ ಬೇಡ, ದೂರಿಗೂ ವೀಸಾಕ್ಕೂ ಸಂಬಂಧವಿಲ್ಲ.

ಇನ್ನು ಗಡುವು. ಹಾನಿಯಾದ ದಿನದಿಂದ, ಅಥವಾ ಅದಕ್ಕೆ ಚಿಕಿತ್ಸೆ ಕಾರಣವೆಂದು ನಿಮಗೆ ತಿಳಿದ ದಿನದಿಂದ ಎರಡು ವರ್ಷ. ಸಾಲಿಸಿಟರುಗಳು ಅದರಲ್ಲೂ ಒಂದು ದಿನ ಕಡಿಮೆ ಹಿಡಿಯುತ್ತಾರೆ. ದೂರಿನ ಉತ್ತರಕ್ಕೆ ಕಾಯುತ್ತಾ ಕೂತರೆ ಈ ಗಡಿಯಾರ ನಿಲ್ಲುವುದಿಲ್ಲ, ಹಾಗೆ ಕಾದು ಹಕ್ಕು ಕಳೆದುಕೊಳ್ಳುವುದು ಸುಲಭ. ಮಕ್ಕಳಿಗೆ ಹದಿನೆಂಟು ತುಂಬಿದ ಮೇಲಷ್ಟೇ ಎಣಿಕೆ ಶುರು, ಹೆರಿಗೆಯಲ್ಲಿ ಹಾನಿಗೊಳಗಾದ ಮಗುವಿನ ತಾಯ್ತಂದೆ ಇದನ್ನು ನೆನಪಿಡಬೇಕು. ಆದರೆ ಅದೇ ಹೆರಿಗೆಯಲ್ಲಿ ತಾಯಿಗಾದ ಹಾನಿಗೆ ಎರಡೇ ವರ್ಷ.

‘ನಿಮಗೆ ತಿಳಿದ ದಿನ’ ಎಂಬುದರ ತೂಕ ಲಿಮರಿಕ್‌ನ ವಿಕಿ ಫೆಲನ್ ಪ್ರಕರಣದಲ್ಲಿ ಕಾಣುತ್ತದೆ. 2011ರಲ್ಲಿ ಅವರ ಗರ್ಭಕಂಠದ ಸ್ಮಿಯರ್ ಪರೀಕ್ಷೆ ಸರಿಯಿದೆ ಎಂದಿದ್ದರು. 2014ರಲ್ಲಿ ಕ್ಯಾನ್ಸರ್ ಬಂತು. ಹಳೆಯ ಪರೀಕ್ಷೆಯನ್ನು ತಪ್ಪಾಗಿ ಓದಲಾಗಿತ್ತು ಎಂಬುದು ಅವರ ಕಿವಿಗೆ ಬಿದ್ದಿದ್ದು 2017ರಲ್ಲಿ. 2018ರ ಏಪ್ರಿಲ್‌ನಲ್ಲಿ 25 ಲಕ್ಷ ಯೂರೋಗೆ ರಾಜಿಯಾದಾಗ ಬಾಯಿ ಮುಚ್ಚಿಕೊಂಡಿರಬೇಕೆಂಬ ಷರತ್ತಿಗೆ ಅವರು ಒಪ್ಪಲಿಲ್ಲ. ಒಪ್ಪದ್ದರಿಂದಲೇ ಅಂಥ ಇನ್ನೂ ನೂರಾರು ಹೆಂಗಸರ ವಿಷಯ ಬಯಲಾಯಿತು. 2022ರ ನವೆಂಬರ್‌ನಲ್ಲಿ ಅವರು ಹೋದರು. ಈಗ 2023ರ ರೋಗಿ ಸುರಕ್ಷತಾ ಕಾಯ್ದೆ 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ: ಪಟ್ಟಿ ಮಾಡಿದ ಕೆಲವು ಗಂಭೀರ ಘಟನೆಗಳನ್ನು ಆಸ್ಪತ್ರೆ ತಾನಾಗಿಯೇ ರೋಗಿಗೋ ಕುಟುಂಬಕ್ಕೋ ತಿಳಿಸಲೇಬೇಕು. ಅಂಥ ಸಭೆಗೆ ಕರೆದರೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಲ್ಲಿ ಕೇಳಿದ ಕ್ಷಮೆಯನ್ನು ಕೋರ್ಟಿನಲ್ಲಿ ತಪ್ಪೊಪ್ಪಿಗೆ ಎಂದು ತೋರಿಸಲು ಬರುವುದಿಲ್ಲ. ಹಾಗೆಂದು ಸುಮ್ಮನೆ ಎದ್ದು ಬರಬೇಡಿ, ಏನಾಯಿತೆಂಬ ವಿವರವನ್ನು ಬರಹದಲ್ಲಿ ಪಡೆಯಿರಿ.

ಬಾಣಂತನಕ್ಕೆಂದು ಊರಿನಿಂದ ಬರುವ ಅಮ್ಮ, ಅತ್ತೆಯರ ಮಾತೂ ಇದೆ. ಪ್ರವಾಸಿ ವೀಸಾದಲ್ಲಿ ಬಂದವರಿಗೂ ವೈದ್ಯರು ಅಷ್ಟೇ ಎಚ್ಚರ ವಹಿಸಬೇಕು, ದಾವೆಯ ಹಕ್ಕು, ಗಡುವು ಎಲ್ಲ ಒಂದೇ. ಅವರು ಮೂರು ತಿಂಗಳಿಗೆ ಬೆಂಗಳೂರಿನ ವಿಮಾನ ಹತ್ತುತ್ತಾರೆ, ಕಾಗದಗಳು ಇಲ್ಲೇ ಉಳಿಯುತ್ತವೆ. ಹೊರಡುವ ಮೊದಲೇ ದಾಖಲೆಯ ಅರ್ಜಿಗೆ ಅವರ ಸಹಿ ಹಾಕಿಸಿ, ಅವರ ಪರವಾಗಿ ನೀವು ಪಡೆಯಬಹುದೆಂಬ ಒಪ್ಪಿಗೆ ಪತ್ರವನ್ನೂ ಬರೆಸಿ, ಪಾಸ್‌ಪೋರ್ಟಿನ ಪ್ರತಿಯೊಂದಿಗೆ ಆಸ್ಪತ್ರೆಗೆ ಕಳಿಸಿ.